ಬಿಲ್ಲೆಗಳೆಲ್ಲ ಇದ್ದವು, ಅಳಿಯ ಇರಲಿಲ್ಲ

ನಿಮಗೆ ಚುಚ್ಚುವ ಸಿರಿಂಜಿನಲ್ಲಿ ರೋಗಾಣು ಇರುವುದಿಲ್ಲ ಎಂದು ನಂಬಿ ತೋಳು ಒಡ್ಡುತ್ತೀರಿ. ಅದನ್ನು ಶುದ್ಧ ಮಾಡಿದ್ದು ಯಾರು, ಎಲ್ಲಿ ಎಂದು ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಕೇಳಿರಲಿಲ್ಲ, ಸಿರಿಂಜು ಶುದ್ಧ ಮಾಡುವ ಕಾರ್ಖಾನೆಯಲ್ಲಿ ಅತ್ತೆಯ ಪಕ್ಕದ ಬೆಂಚಿನಲ್ಲಿ ಕೂರುವವರೆಗೆ.

ಆಳುದ್ದ ದಪ್ಪದ ಗೋಡೆಗಳ ಒಂದು ಕೋಣೆ. ನಡುವೆ ನೀರಿನ ಗುಂಡಿ, ಅದರ ತಳದಲ್ಲಿ ವಿಕಿರಣ ಸೂಸುವ ಸರಳುಗಳು. ಅವು ನೀರಿನಲ್ಲಿ ಮುಳುಗಿದ್ದಷ್ಟು ಹೊತ್ತು ಒಳಗೆ ಯಾರು ಬೇಕಾದರೂ ಓಡಾಡಬಹುದು. ಮೇಲೆತ್ತಿದರೆ ಸುತ್ತ ಜೋಡಿಸಿದ ಸಿರಿಂಜಿನ ಡಬ್ಬಿಗಳೊಳಗಿನ ರೋಗಾಣುಗಳು ಸಾಯುತ್ತವೆ. ಮನುಷ್ಯ ಸಿಕ್ಕಿಕೊಂಡರೆ ಅವನ ಕತೆಯೂ ಮುಗಿಯಿತು. ಬಿಸಿ ತಾಗುವುದಿಲ್ಲ, ವಿಕಿರಣ ಕಣ್ಣಿಗೂ ಕಾಣುವುದಿಲ್ಲ.

ಆ ಕೋಣೆಯ ಬಾಗಿಲು ಕಾಯುವವರು ಅತ್ತೆ. ಅಲ್ಲಿನ ಫಿಟ್ಟರ್ ಅವರ ಮಗಳ ಗಂಡ. ಒಬ್ಬನಿಗೆ ಅತ್ತೆಯಾದವರು ಬರಬರುತ್ತ ಇಡೀ ಕಾರ್ಖಾನೆಗೇ ಅತ್ತೆಯಾದರು. ಸರಳೆತ್ತುವ ಯಂತ್ರದ ಕೀಲಿ ಅವರ ಸೊಂಟದಲ್ಲಿರುತ್ತದೆ. ಪಕ್ಕದ ಹಲಗೆಯ ಮೊಳೆಗಳಲ್ಲಿ ಒಬ್ಬೊಬ್ಬರದೂ ಒಂದೊಂದು ಹಿತ್ತಾಳೆ ಬಿಲ್ಲೆ. ಒಳಗೆ ಹೋಗುವವನು ತನ್ನ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಹೋಗಬೇಕು, ಬಂದ ಮೇಲೆ ತನ್ನ ಕೈಯಾರೆ ನೇತುಹಾಕಬೇಕು. ಒಂದು ಮೊಳೆ ಖಾಲಿಯಿದ್ದರೂ ಕೀಲಿ ಕೊಡುವಂತಿಲ್ಲ.

ಮೊದಲು ಇನ್ನೊಂದು ನಿಯಮವಿತ್ತು. ಬಾಗಿಲು ಹಾಕುವ ಮುನ್ನ ಸೂಪರ್‌ವೈಸರ್ ಒಳಗೆಲ್ಲ ಸುತ್ತಿ ನೋಡಿಕೊಂಡು ಬರಬೇಕಿತ್ತು. ಹೊತ್ತು ಹಾಳು ಎಂದು ಮೇಲಿನವರು ಅದನ್ನು ಕೈಬಿಟ್ಟರು. ಬಿಲ್ಲೆ ಇದೆಯಲ್ಲ, ಸಾಕು ಎಂದರು. ಹಾಗೆಂದವರಲ್ಲಿ ಒಬ್ಬರೂ ಆ ಕೋಣೆಗೆ ಕಾಲಿಟ್ಟವರಲ್ಲ. ಬೇರೆಯವರ ಜೀವದಲ್ಲಿ ಸಮಯ ಉಳಿಸುವ ಜನ ಎಲ್ಲ ಕಡೆಯೂ ಇದ್ದಾರೆ. ಅವರಿಗೆ ಸಂಬಳವೂ ಜಾಸ್ತಿ.

ಅತ್ತೆಗೂ ಅಳಿಯನಿಗೂ ಮಾತಿರಲಿಲ್ಲ. ನೆಂಟರ ಎದುರಿಗೆ ಅತ್ತೆ ಅವನ ಗೊರಕೆಯನ್ನು ಆಡಿಕೊಂಡು ನಕ್ಕಿದ್ದರು, ಅಷ್ಟೆ. ಅಂದಿನಿಂದ ಆಸಾಮಿ ಬಾಗಿಲು ದಾಟುವಾಗೆಲ್ಲ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಆ ದಿನ ಡಬ್ಬಿ ಸಾಗಿಸುವ ಸರಪಳಿ ರಿಪೇರಿ ಮುಗಿಸಿದವರು ಗುಂಪಾಗಿ ಹೊರಬಂದರು. ಬಿಲ್ಲೆಗಳು ಟಣಟಣ ಎಂದು ಮೊಳೆ ಸೇರಿದವು. ಗುಂಪು ಚಹಾಕ್ಕೆ ಹೋಯಿತು. ಸೂಪರ್‌ವೈಸರ್ ಬಾಗಿಲೆಳೆದು ಕೈ ಚಾಚಿದ.

"ಕೀಲಿ ಕೊಡಿ ಅತ್ತೆ."

"ತಡಿಯಪ್ಪ. ಫಿಟ್ಟರ್ ಬಂದಿಲ್ಲ."

"ಬಿಲ್ಲೆ ಅಲ್ಲೇ ನೇತಾಡ್ತಿದೆ, ಕಣ್ಣು ಮಂಜಾಯ್ತಾ?"

"ಬಿಲ್ಲೆ ಬಂದಿದೆ. ಆದ್ರೆ ಈಗ ಹೊರಗೆ ಬರೋವಾಗ ಯಾರೂ ನನ್ನ ನೋಡಿ ಮುಖ ತಿರುಗಿಸ್ಕೊಂಡು ಹೋಗ್ಲಿಲ್ಲ."

ಸೂಪರ್‌ವೈಸರ್‌ಗೆ ನಗು ತಡೆಯಲಾಗಲಿಲ್ಲ. "ಇದನ್ನ ಮ್ಯಾನೇಜರ್‌ಗೆ ಹೆಂಗೆ ಹೇಳ್ಲಿ? ಅಳಿಯ ಮುನಿಸ್ಕೊಳ್ಲಿಲ್ಲ, ಅದಕ್ಕೆ ಯಂತ್ರ ನಿಲ್ಸಿದೀವಿ ಅಂತನಾ? ಶುರು ಮಾಡೋ ಮೊದ್ಲು ಸೈರನ್ ಕೂಗುತ್ತಲ್ಲ, ಒಳಗಿದ್ರೆ ಓಡಿ ಬರ್ತಾನೆ."

"ಓಡಕ್ಕಾಗ್ದೇ ಇದ್ರೆ?"

ಅತ್ತೆ ಅಳಿಯನಿಗೆ ಫೋನ್ ಮಾಡಿದರು, ಹತ್ತಲಿಲ್ಲ. ಆ ಗೋಡೆಯೊಳಗೆ ಫೋನ್ ಹತ್ತುವುದೇ ಇಲ್ಲ. ಹೊರಗಿದ್ದರೂ ಅತ್ತೆಯ ಫೋನನ್ನು ಅವನು ಎತ್ತುವವನಲ್ಲ. ಅತ್ತೆ ತಮ್ಮ ಬಿಲ್ಲೆ ಕಿತ್ತುಕೊಂಡು, ಕೀಲಿ ಸಮೇತ ಒಳಗೆ ನಡೆದರು.

"ಕೆಲಸ ಹೋಗುತ್ತೆ, ನೋಡ್ಕೊಳ್ಳಿ" ಎಂದ ಸೂಪರ್‌ವೈಸರ್.

"ಹೋಗ್ಲಿ ಬಿಡು. ಮಗಳ ಮುಂದೆ ನಿಲ್ಲೋಳು ನಾನು, ನೀನಲ್ಲ."

ಹಾವಿನಂತೆ ತಿರುಗುವ ಓಣಿಯಲ್ಲಿ ಎಷ್ಟು ಕೂಗಿದರೂ ಉತ್ತರವಿಲ್ಲ. ಫ್ಯಾನುಗಳ ಅಬ್ಬರ. ಡಬ್ಬಿಗಳ ಸಾಲಿನ ಹಿಂದೆ, ಸರಪಳಿಯ ಅಡಿಯಿಂದ ಎರಡು ಬೂಟು ಹೊರಚಾಚಿದ್ದವು. ಅತ್ತೆ ಬಗ್ಗಿದರು. ಬೂಟು ಹಿಡಿದು ಅಲ್ಲಾಡಿಸಿದರು. ಬೂಟು ಒದೆಯಿತು.

"ಯಾರದು? ಶರಟು ಸಿಕ್ಕಾಕ್ಕೊಂಡಿದೆ, ಎಳೀಬೇಡ್ರಪ್ಪ" ಎಂದಿತು ಅಡಿಯಿಂದ ಅಳಿಯನ ದನಿ.

ಅತ್ತೆ ಅಲ್ಲೇ ನೆಲದ ಮೇಲೆ ಕೂತರು. ಅಳಲಿಲ್ಲ, ನಗು ಬಂತಂತೆ, ತಡೆಯಲಾಗದ ನಗು. ಆಮೇಲೆ ಶರಟಿನ ತೋಳು ಹರಿದು ಅವನನ್ನು ಈಚೆಗೆಳೆದರು.

ಆದದ್ದಿಷ್ಟು. ಫಿಟ್ಟರ್ ಬಾಗಿಲ ಸಮೀಪದವರೆಗೂ ಜೊತೆಗಾರನೊಂದಿಗೆ ಬಂದಿದ್ದ. ಸರಪಳಿಯ ಅಡಿ ಸ್ಪ್ಯಾನರ್ ಬಿಟ್ಟು ಬಂದದ್ದು ನೆನಪಾಗಿ, "ನನ್ನದೂ ಹಾಕಿರು, ಹಿಂದೇನೇ ಬಂದೆ" ಎಂದು ಬಿಲ್ಲೆ ಕೊಟ್ಟು ತಿರುಗಿದ್ದ. ಅದನ್ನೆತ್ತಲು ಅಡಿಗೆ ನುಸುಳಿದಾಗ ಶರಟು ಸರಪಳಿಗೆ ಸಿಕ್ಕಿಕೊಂಡಿತ್ತು. ಒಬ್ಬರ ಬಿಲ್ಲೆ ಇನ್ನೊಬ್ಬರು ಹಾಕುವುದು ಅಲ್ಲಿ ಸ್ನೇಹಧರ್ಮ. ಅಂಥ ಸ್ನೇಹಕ್ಕೆ ಬೆಂಕಿ ಬೀಳಲಿ.

ಅತ್ತೆಯ ಕೆಲಸ ಹೋಗಲಿಲ್ಲ. ಒಳಗೆ ಸುತ್ತಿ ಬರುವ ನಿಯಮ ಮರುದಿನವೇ ಹಿಂದಿರುಗಿತು. ಈಗ ಸೂಪರ್‌ವೈಸರ್ ಡಬ್ಬಿಗಳ ಹಿಂದೆಲ್ಲ ಬಗ್ಗಿ ನೋಡಿ ಬಂದ ಮೇಲೆಯೇ ಅತ್ತೆ ಕೀಲಿ ಬಿಚ್ಚುತ್ತಾರೆ. ಆದರೂ ಇಷ್ಟಕ್ಕೆ ಒಬ್ಬ ಮನುಷ್ಯ ಸಾವಿನ ಬಾಯಿಗೆ ಹೋಗಿ ಬರಬೇಕಿತ್ತೇ ಎಂದು ನನಗೆ ಮೈ ಉರಿಯುತ್ತದೆ. ಅತ್ತೆಗೆ ಉರಿಯಿಲ್ಲ. ಬಂದನಲ್ಲ, ಅಷ್ಟು ಸಾಕು ಎನ್ನುತ್ತಾರೆ.

ಹೊರಗೆ ಬಂದ ಅಳಿಯ ನೀರು ಕುಡಿದು ಆಡಿದ ಮೊದಲ ಮಾತು, "ನಿಮ್ಮ ಮಗಳಿಗೆ ಹೇಳ್ಬೇಡಿ ಅತ್ತೆ." ಹೇಳುವುದಿಲ್ಲ ಎಂದು ಇವರು ಒಪ್ಪಿದ್ದಾರೆ.

"ಹಾಗಾದ್ರೆ ನಾನು ಬರೀಲೋ ಬೇಡವೋ?" ಎಂದು ಕೇಳಿದೆ.

"ಧಾರಾಳವಾಗಿ ಬರಿ" ಎಂದರು ಅತ್ತೆ. "ನಿನ್ನ ಅಂಕಣ ನಮ್ಮನೇಲಿ ಯಾರೂ ಓದಲ್ಲ."