ಹ್ಯಾಂಡ್‌ಬ್ರೇಕ್ ಎಳೆದವರು ಯಾರು

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ವರ್ಷಗಟ್ಟಲೆ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ನಾನು. ಇಂಥದ್ದನ್ನು ಬೇರೆಯವರು ಬರೆದಿದ್ದರೆ ಅರ್ಧಕ್ಕೇ ಓದು ನಿಲ್ಲಿಸುತ್ತಿದ್ದೆ. ನೀವು ನಂಬಲೇಬೇಕೆಂದು ಕೇಳುವುದಿಲ್ಲ. ಕಂಡದ್ದನ್ನು, ಕಾಣದೇ ಹೋದದ್ದನ್ನು ಹೇಳುತ್ತೇನೆ.

ಅದಿರು ಲಾರಿಗಳು ಬಳ್ಳಾರಿಯ ಸುತ್ತಲಿನ ಎಲ್ಲ ರಸ್ತೆಗಳಿಗೂ ನುಗ್ಗಿದ್ದ ಕಾಲ. ನನ್ನ ಮನೆ ಬಳ್ಳಾರಿಯ ಪಾರ್ವತಿನಗರದಲ್ಲಿ, ನಾನು ಕಲಿಸುವ ಶಾಲೆ ಕುರುಗೋಡಿನಲ್ಲಿ. ಖಾಜಾ ತನ್ನ ವ್ಯಾನಿನಲ್ಲಿ ಬೆಳಿಗ್ಗೆ ಊರಿನ ಚಿಕ್ಕ ಮಕ್ಕಳನ್ನು ಶಾಲೆಗೆ ಬಿಟ್ಟು, ಆಮೇಲೆ ನಮ್ಮ ನಾಲ್ಕು ಜನ ಶಿಕ್ಷಕರನ್ನು ಕುರುಗೋಡಿಗೆ ಕರೆದೊಯ್ದು, ಸಂಜೆ ಮರಳಿ ತರುತ್ತಿದ್ದ. ಅಂದು ಉಳಿದ ಮೂವರೂ ರಜೆಯಲ್ಲಿದ್ದರು. ಸಂಜೆ ಮರಳುವಾಗ ವ್ಯಾನಿನಲ್ಲಿ ನಾವಿಬ್ಬರೇ, ನಾನು ಮುಂದೆ ಅವನ ಪಕ್ಕದಲ್ಲಿ.

ಬಲಗಡೆ ಸೂರ್ಯ ಇಳಿದಿದ್ದ. ಎದುರಿನಿಂದ ಲಾರಿಗಳ ಸಾಲು. ಒಂದೊಂದು ಲಾರಿ ದಾಟಿದಾಗಲೂ ಸಂದಿಯಿಂದ ಬಿಸಿಲು ಮುಖಕ್ಕೆ ಹೊಡೆದು ಮಾಯವಾಗುತ್ತಿತ್ತು. ಖಾಜಾ ಮಾತು ನಿಲ್ಲಿಸಿದ. ತಿರುಗಿ ನೋಡಿದೆ. ಕಣ್ಣುಗಳು ನೆಟ್ಟಿದ್ದವು, ದವಡೆ ಒಂದು ಕಡೆ ಸೊಟ್ಟಗಾಗಿತ್ತು, ಎರಡೂ ಕೈ ಸ್ಟೀರಿಂಗ್ ಮೇಲೆ ಕೊರಡಿನಂತಾಗಿದ್ದವು. ವ್ಯಾನು ಲಾರಿಗಳತ್ತ ವಾಲಿತು. ನಾನು ಕಣ್ಣು ಮುಚ್ಚಿದೆ. ನಾಚಿಕೆಯಾದರೂ ಇದು ನಿಜ.

ಕಣ್ಣು ಬಿಟ್ಟಾಗ ವ್ಯಾನು ರಸ್ತೆಯ ಎಡಬದಿಗೆ ನಿಂತಿತ್ತು. ಎಂಜಿನ್ ಸದ್ದಿಲ್ಲ. ಹ್ಯಾಂಡ್‌ಬ್ರೇಕ್ ಮೇಲಕ್ಕೆದ್ದಿತ್ತು. ಖಾಜಾ ಇನ್ನೂ ಅದುರುತ್ತಿದ್ದ.

ಲಾರಿಯವನೊಬ್ಬ ಓಡಿ ಬಂದ. "ಕೈಯಾಗ ಕಬ್ಬಿಣ ಕೊಡ್ರಿ! ಗಾಡಿ ಚಾವಿ ಎಲ್ಲೈತಿ?"

ಕಬ್ಬಿಣ ಹಿಡಿಸಿದರೆ ಮೂರ್ಛೆ ಇಳಿಯುತ್ತದೆಂಬುದು ನಮ್ಮ ಕಡೆಯ ನಂಬಿಕೆ. ಚಾವಿ ಅದರ ಜಾಗದಲ್ಲಿರಲಿಲ್ಲ. ಅವನು ಖಾಜಾನ ಮುಷ್ಟಿ ಬಿಡಿಸಿದ. ಒಳಗಿತ್ತು.

"ಆಗಲೇ ಕೊಟ್ಟೀರಲ್ರೀ ಸಾರ್! ಮತ್ತ ನನ್ನ ಯಾಕ ಹುಡುಕಾಕ ಹಚ್ಚೀರಿ?" ಎಂದು ಬೈದ. ಚಾವಿಯನ್ನಾಗಲಿ ಬ್ರೇಕನ್ನಾಗಲಿ ಮುಟ್ಟಿದ ನೆನಪು ನನಗಿರಲಿಲ್ಲ.

ಬೆಳಕು ಹಾಗೆ ಬಿಟ್ಟು ಬಿಟ್ಟು ಕಣ್ಣಿಗೆ ಹೊಡೆದರೆ ಕೆಲವರಿಗೆ ಮೂರ್ಛೆ ಬರುತ್ತದೆ, ಕಬ್ಬಿಣದಿಂದ ಏನೂ ಆಗದು, ಇನ್ನು ವಾಹನ ಮುಟ್ಟಬಾರದು ಎಂದು ಬಳ್ಳಾರಿಯ ವೈದ್ಯರು ಹೇಳಿದರು. ಆ ಸ್ಥಿತಿಯಲ್ಲಿ ರೋಗಿ ತಾನೇ ಗಾಡಿ ನಿಲ್ಲಿಸಬಲ್ಲನೇ ಎಂದು ಕೇಳಿದೆ. ಸಾಧ್ಯವೇ ಇಲ್ಲವೆಂದು ತಲೆಯಾಡಿಸಿದರು. ಹೊರಗೆ ಬಂದಾಗ ಖಾಜಾ ನನ್ನ ತೋಳು ಹಿಡಿದ.

"ಸಾರ್, ಖರೆ ಹೇಳ್ರಿ. ನಾನ ನಿಲ್ಲಿಸೀನಲ್ರೀ? ಹಂಗಾದ್ರ ಮೂರ್ಛಿ ಬರೋದು ನನಗ ಮೊದಲ ಗೊತ್ತಾಗ್ತೈತಿ ಅಂತಾತು. ನಾಳಿ ಹುಡುಗರನ್ನ ಕರಕೊಂಡು ಹೋಗಬೋದು."

ಬೆಳಗಿನ ಹನ್ನೆರಡು ಮಕ್ಕಳು ಕಣ್ಣ ಮುಂದೆ ಬಂದರು.

"ನೀನಲ್ಲಪ್ಪ," ಎಂದೆ. "ನಾನ ಎಳದೆ."

ಅವನು ವ್ಯಾನು ಮಾರಿದ. ಈಗ ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿದ್ದಾನೆ. ರಂಜಾನಿಗೆ ಗಂಡ ಹೆಂಡತಿ ಶಾವಿಗೆಯ ಸುರಕುಂಬಾ ತಂದು ಕೊಟ್ಟು, ನಮ್ಮ ಪಾಲಿನ ದೇವರು ನೀವು ಎನ್ನುತ್ತಾರೆ. ನಾನು ತಲೆ ತಗ್ಗಿಸಿ ತಿನ್ನುತ್ತೇನೆ. ಹೇಳಿ ಹೇಳಿ ಈಚೆಗೆ ನನ್ನ ಬಲಗೈಗೆ ಬ್ರೇಕಿನ ತಣ್ಣನೆಯ ಹಿಡಿಯ ನೆನಪೂ ಬರತೊಡಗಿದೆ. ಅದು ನಡೆದದ್ದೋ ನಾನು ಹೇಳಿದ ಸುಳ್ಳೋ, ನನಗೆ ತಿಳಿಯುತ್ತಿಲ್ಲ.