ಒಬ್ಬಟ್ಟಿನ ಹಾಡಿನೊಳಗಿದ್ದ ಹಾಡು

ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಕಾಲ ಅದು. ಎಲ್ಲೋ ದೂರದಲ್ಲಿ ಯುದ್ಧ ನಡೆಯುತ್ತಿತ್ತಂತೆ. ನಮಗದು ಗೊತ್ತಾಗುತ್ತಿದ್ದದ್ದು ಸೀಮೆಎಣ್ಣೆ ಸಿಗದಾಗ, ಸಕ್ಕರೆ ಸಿಗದಾಗ ಮಾತ್ರ. ಬೆಲ್ಲ ಮನೆಯ ಕಬ್ಬಿನದೇ ಇತ್ತಾದ್ದರಿಂದ, ಮಾಸ್ತಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಕ್ಕನ ಮದುವೆಗೆ ಒಬ್ಬಟ್ಟಿಗೇನೂ ಬರ ಬರಲಿಲ್ಲ.

ಆಗಿನ ಮದುವೆಗಳಲ್ಲಿ ಒಬ್ಬಟ್ಟು ಎಷ್ಟು ಮುಖ್ಯವೋ ಅಣಕು ಹಾಡೂ ಅಷ್ಟೇ ಮುಖ್ಯ. ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯ ಹುಡುಗಿಯರು ಎದುರಿಗೆ ನಿಂತು ಬೀಗಿತಿಯನ್ನು, ಅಂದರೆ ಗಂಡಿನ ತಾಯಿಯನ್ನು, ಹಾಡಿನಲ್ಲಿ ಛೇಡಿಸಬೇಕು. ಅವರು ಅದೇ ಮಟ್ಟಿನಲ್ಲಿ ಹಾಡು ಕಟ್ಟಿ ತಿರುಗಿ ಬಿಡಬೇಕು. ಮಟ್ಟು ತಪ್ಪಿದವರು ಸೋತಂತೆ. ನಮ್ಮಜ್ಜಿ ಆರತಿ ಹಾಡುಗಳನ್ನು ಭಕ್ತಿಯಿಂದ ಹಾಡುತ್ತಿದ್ದಳು, ಇಲ್ಲವೆನ್ನುವುದಿಲ್ಲ. ಆದರೆ ಆರತಿ ಹಾಡು ಕೇಳಿ ಎಲೆ ಬಿಟ್ಟು ತಲೆ ಎತ್ತಿದವರನ್ನು ನಾನಂತೂ ಕಂಡಿಲ್ಲ.

ಅಣಕು ಹಾಡು ಕಟ್ಟುವುದರಲ್ಲಿ ನಮ್ಮ ಸುಬ್ಬತ್ತೆಯದು ಎತ್ತಿದ ಕೈ. ಅಪ್ಪನ ತಂಗಿ. ಅವಳನ್ನು ಶ್ರೀನಿವಾಸಪುರದಾಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಆ ಮನೆಯಲ್ಲಿ ಮಾತೆಲ್ಲ ತೆಲುಗಿನಲ್ಲೇ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು ಮತ್ತೆ ಹೋಗಲಿಲ್ಲ. ಹಣೆಯಲ್ಲಿ ಕುಂಕುಮವಿದ್ದ ಅತ್ತೆಯನ್ನು ನಾನು ನೋಡಿದವಳೇ ಅಲ್ಲ. ಬೆಳಿಗ್ಗೆ ರಾಗಿ ಬೀಸುತ್ತ ಕೂತರೆ ಬೀಸುವ ಕಲ್ಲಿನ ಗರಗರದ ಜೊತೆಗೆ ಒಂದೊಂದೇ ಸಾಲು ಹೊರಡುತ್ತಿತ್ತು. ಮಾಲೂರಿನಲ್ಲಿ ನಾಟಕ ನೋಡಿ ಬಂದ ಚಿಕ್ಕಪ್ಪ ರಾಜ್ಯ ಕಳಕೊಂಡ ರಾಜನ ಹಾಡನ್ನು ವಾರವೆಲ್ಲ ಹಾಡಿದರೆ, ಮುಂದಿನ ವಾರ ಅದೇ ಹಾಡಿನಲ್ಲಿ ಶಾನುಭೋಗರ ಎಮ್ಮೆ ಕಳೆದುಹೋಗಿರುತ್ತಿತ್ತು.

ಒಮ್ಮೆ ನಾನು ಎಮ್ಮೆಯ ಹಾಡನ್ನು ಬೇಗ ಬೇಗ ಹಾಡಿದ್ದಕ್ಕೆ ಅತ್ತೆ ಬೀಸುವುದನ್ನೇ ನಿಲ್ಲಿಸಿದಳು. “ಮಟ್ಟು ಮುಟ್ಬಾರ್ದು ಕಣೇ. ಮಾತು ಮಾತ್ರ ನಮ್ದು. ರಾಜ ಎಲ್ಲಿ ಅಳ್ತಾನೋ ಅಲ್ಲೇ ಎಮ್ಮೆ ಕಾಣೆಯಾಗ್ಬೇಕು” ಅಂದಳು. ಅಣಕಿಸುವವರು ಅಸಲು ಹಾಡನ್ನು ಹಾಡಿದವರಿಗಿಂತ ಚೆನ್ನಾಗಿ ಕೇಳಿರಬೇಕು ಅನ್ನುವುದು ಅವಳ ಹಟ. ಈಗ ಯೋಚಿಸಿದರೆ, ಚಿಕ್ಕಪ್ಪನಿಗಿಂತ ಆ ರಾಜನ ಸಂಕಟ ತಿಳಿದಿದ್ದದ್ದು ಅವಳಿಗೇ.

ಅಕ್ಕನ ಮದುವೆಗೆಂದು ನನಗೂ ಚಿಕ್ಕಪ್ಪನ ಮಗಳು ಚಿನ್ನಿಗೂ ಹಿತ್ತಿಲಲ್ಲಿ ಕೂರಿಸಿಕೊಂಡು ಒಂದು ಹೊಸ ಹಾಡು ಕಲಿಸಿದಳು. ತಾನು ಮುತ್ತೈದೆಯರ ನಡುವೆ ಬಂದು ಹಾಡುವಂತಿರಲಿಲ್ಲ. ಅವಳ ಹಾಡು ಯಾವತ್ತೂ ನಮ್ಮ ಬಾಯಲ್ಲೇ ಚಪ್ಪರಕ್ಕೆ ಹೋಗಬೇಕಿತ್ತು.

“ಒಬ್ಬಟ್ಟು ತಿಂದ ಬೀಗಿತೀ, ಇನ್ನೊಂದು ಕೇಳ್ಬ್ಯಾಡಾ” ಎಂದು ಶುರುವಾಗುವ ಹಾಡು. ‘ಬ್ಯಾಡಾ’ ಅನ್ನುವಲ್ಲಿ ರಾಗ ಉದ್ದಕ್ಕೆ ಎಳೆಯುತ್ತದೆ. ಎಳೆಯುವುದು ನಮಗೆ ಬರಲಿಲ್ಲ. ಚಿನ್ನಿ ಅಲ್ಲಿ ಚಪ್ಪಾಳೆ ತಟ್ಟಿಬಿಟ್ಟಳು. ಮಟ್ಟು ಮುಟ್ಟಬಾರದು ಅನ್ನುತ್ತಿದ್ದ ಅತ್ತೆ ಅವತ್ತು ಬೈಯಲಿಲ್ಲ, ಸುಮ್ಮನೆ ನೋಡುತ್ತಾ ಕೂತಳು. ಇದರ ಅಸಲು ಯಾವುದತ್ತೆ ಎಂದು ಕೇಳಿದೆ. ಇದಕ್ಕೆ ಅಸಲಿಲ್ಲ, ಇದೇ ಅಸಲು ಅಂದು ಎದ್ದುಹೋದಳು.

ಬೀಗರು ಶ್ರೀನಿವಾಸಪುರದ ಕಡೆಯವರು. ಇದ್ದಿಲು ಬಸ್ಸಿನಲ್ಲಿ ಬಂದು ಮುಖವೆಲ್ಲ ಮಸಿ ಮಾಡಿಕೊಂಡು ಇಳಿದರು. ಬೀಗಿತಿ ನರಸಮ್ಮನವರು ದೊಡ್ಡ ಆಳು, ಗಂಟುಮೋರೆ. ಎರಡು ಸಲ ಮುರಿದುಬೀಳುವುದರಲ್ಲಿದ್ದ ಸಂಬಂಧವನ್ನು ಅಪ್ಪ ಕೈಕಾಲು ಹಿಡಿದು ಕೂಡಿಸಿದ್ದರು. ಹಾಡು ಅತಿಯಾಗಬಾರದು, ಹುಡುಗಿ ನಾಳೆ ಅವರ ಮನೆಗೇ ಹೋಗಿ ಬಾಳಬೇಕು ಎಂದು ನಮ್ಮನ್ನು ಕರೆದು ಹೇಳಿದ್ದರು.

ಊಟದ ಹೊತ್ತಿಗೆ ಚಪ್ಪರವೆಲ್ಲ ಮಾವಿನ ತೋರಣ, ಕಾಸಿದ ತುಪ್ಪ, ಏಲಕ್ಕಿ ಎಲ್ಲ ಬೆರೆತ ವಾಸನೆ. ಒಬ್ಬಟ್ಟು ಎಲೆಗೆ ಬಿತ್ತು. ನಾವು ಹಾಡಿದೆವು, ಚಪ್ಪಾಳೆ ತಟ್ಟಿದೆವು. ಗಂಡಸರ ಸಾಲು, ಹೆಂಗಸರ ಸಾಲು ಎಲ್ಲ ನಕ್ಕವು. ನರಸಮ್ಮನವರು ಮಾತ್ರ ನಗಲಿಲ್ಲ. ಕೈಯಲ್ಲಿ ಒಬ್ಬಟ್ಟಿನ ಚೂರು ಹಾಗೇ ಇತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು.

ನಗು ನಿಂತುಹೋಯಿತು. ಎದುರು ಸಾಲಿನಲ್ಲಿ ಗಂಡಿನ ಸೋದರಮಾವ ಎಲೆಯ ಮುಂದಿನಿಂದ ಅರ್ಧ ಎದ್ದರು. ಬೀಗರು ಎಲೆ ಬಿಟ್ಟು ಎದ್ದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅಪ್ಪನ ಮುಖದಲ್ಲಿ ರಕ್ತವೇ ಇರಲಿಲ್ಲ. ನರಸಮ್ಮನವರು ತಮ್ಮನಿಗೆ ಕೂರುವಂತೆ ಕೈಸನ್ನೆ ಮಾಡಿ, ನನ್ನ ಕಡೆ ತಿರುಗಿದರು.

“ಈ ಪಾಟ ಎವುರು ನೇರ್ಪಿನಾರಮ್ಮಾ ನೀಕು?” ಈ ಹಾಡು ನಿನಗೆ ಕಲಿಸಿದ್ದು ಯಾರು ಎಂದು ತೆಲುಗಿನಲ್ಲಿ ಕೇಳುತ್ತಿದ್ದರು. ನಾನು ಅಡುಗೆಮನೆಯ ಕಡೆ ಬೆರಳು ತೋರಿಸಿದೆ.

ಅವರೇ ಎದ್ದು, ಕೈ ತೊಳೆದುಕೊಂಡು ಅತ್ತ ನಡೆದರು. ಜಗಳವೇ ಆಯಿತೆಂದು ನಾವೂ ಹಿಂದೆ ಓಡಿದೆವು. ಅತ್ತೆ ರಾಗಿ ತುಂಬಿದ ದೊಡ್ಡ ಮಣ್ಣಿನ ವಾಡೆಗಳ ಮರೆಯಲ್ಲಿ ನಿಂತಿದ್ದಳು. ನರಸಮ್ಮನವರು ಹೊಸಿಲಿನ ಹೊರಗೆ ನಿಂತು ಮೆಲ್ಲಗೆ ಹಾಡಿದರು: “ಗಡಪ ದಾಟೇ ಬಿಡ್ಡಾ, ವೆನಕ್ಕಿ ಚೂಡಕೂ…” ಹೊಸಿಲು ದಾಟುತ್ತಿರುವ ಕೂಸೇ, ಹಿಂತಿರುಗಿ ನೋಡಬೇಡ. ನಮ್ಮದೇ ಮಟ್ಟು. ನಾವು ಚಪ್ಪಾಳೆ ತಟ್ಟಿದ್ದ ಜಾಗದಲ್ಲಿ ಅವರ ದನಿ ಎಳೆಯುತ್ತಾ ಹೋಗಿ ನಡುಗಿ ನಿಂತಿತು. ಅವರ ಸೀಮೆಯಲ್ಲಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತಾಯಿ ಹಾಡುವ ಹಾಡಂತೆ ಅದು. ಅವರ ತಾಯಿಯೂ ಅವರಿಗೆ ಹಾಡಿದ್ದರಂತೆ.

“ಅಂಥಾ ಹಾಡ್ನ ತಂದು ಒಬ್ಬಟ್ಟಿಗೆ ಹಾಕಿದ್ಯಲ್ಲ ವದಿನಾ” ಅಂದರು. ವದಿನಾ ಅಂದರೆ ಅತ್ತಿಗೆ. ಗಂಡನ ಮನೆ ಬಿಟ್ಟ ಮೇಲೆ ಅತ್ತೆಯನ್ನು ಯಾರೂ ಹಾಗೆ ಕರೆದಿರಲಿಲ್ಲ.

ಅತ್ತೆ ನೆಲ ನೋಡುತ್ತಾ ಹೇಳಿದಳು: “ನಮ್ ನಾದಿನೀನ ಕಳಿಸ್ದಾಗ ಕೇಳಿದ್ದು. ನಾನು ಯಾವ ಮಗಳನ್ನ ಕಳಿಸ್ಬೇಕು ಅಂತ ಅದನ್ನ ಹಾಡ್ಲಿ? ಮದುವೆ ಮನೇಲಿ ನನ್ ಬಾಯಲ್ಲಿ ಅದು ಬರಂಗಿಲ್ಲ. ನಗೋ ಹಾಡಾಗಾದ್ರೂ ಈ ಮಕ್ಕಳ ಬಾಯಲ್ಲಿ ಇರ್ಲಿ ಅಂತ.”

ನರಸಮ್ಮನವರು ತಿರುಗಿ ಬಂದು, ಹೊಸ ಎಲೆ ಹಾಕಿಸಿಕೊಂಡು ಕೂತು, ಇಡೀ ಚಪ್ಪರಕ್ಕೆ ಕೇಳುವ ಹಾಗೆ ಇನ್ನೊಂದು ಒಬ್ಬಟ್ಟು ಹಾಕಿ ಅಂದರು. ಆಗ ಎದ್ದ ನಗುವಿನಲ್ಲಿ ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸಂಜೆ ಅಕ್ಕನನ್ನು ಒಪ್ಪಿಸುವ ಹೊತ್ತಿಗೆ ಅಜ್ಜಿ ನಮ್ಮ ಕಡೆಯ ಹಾಡು ಎತ್ತಿಕೊಳ್ಳಲು ಗಂಟಲು ಸರಿಮಾಡಿಕೊಂಡಳು. ನರಸಮ್ಮನವರು ತಡೆದು, ಸುಬ್ಬಮ್ಮನವರೇ ಹಾಡಲಿ ಅಂದರು. ವಿಧವೆಯ ಬಾಯಲ್ಲಿ ಬೇಡ, ಹುಡುಗಿಗೆ ಒಳ್ಳೆಯದಲ್ಲ ಎಂದು ಅಜ್ಜಿ ಅಡ್ಡ ಬಂದಳು. ಅತ್ತೆಯ ಹೆತ್ತ ತಾಯಿಯೇ ಅಂದಳು ಆ ಮಾತನ್ನು.

“ಹುಡುಗಿ ಬರೋದು ನಮ್ಮನೆಗಮ್ಮಾ. ಒಳ್ಳೇದೋ ಕೆಟ್ಟದ್ದೋ ನಂಗೇ ಇರ್ಲಿ” ಅಂದರು ನರಸಮ್ಮನವರು.

ಅತ್ತೆ ಹೊಸಿಲು ದಾಟಿ ಹೊರಗೆ ಬರಲಿಲ್ಲ. ಒಳಗೇ ನಿಂತು ಆ ತೆಲುಗು ಹಾಡನ್ನೇ ಹಾಡಿದಳು. ಅಷ್ಟು ವರ್ಷ ಎಮ್ಮೆಯನ್ನೂ ಒಬ್ಬಟ್ಟನ್ನೂ ಹಾಡಿದ ಗಂಟಲು ಇದೇನಾ ಎಂದು ನನಗೆ ಅನುಮಾನವಾಯಿತು. ಅಜ್ಜಿ ಕಂಬಕ್ಕೆ ಮುಖ ಒತ್ತಿಕೊಂಡು ಅತ್ತಳು. ಅಕ್ಕ ಗಾಡಿ ಹತ್ತಿದಳು, ಹಾಡು ಹೇಳಿದ ಹಾಗೆ ಹಿಂತಿರುಗಿ ನೋಡಲಿಲ್ಲ.

ಈಗಿನ ಮದುವೆಗಳಲ್ಲಿ ಹಾಡೆಲ್ಲ ಪೆಟ್ಟಿಗೆಯಿಂದ ಬರುತ್ತದೆ. ಬೀಗರನ್ನು ಯಾರೂ ಛೇಡಿಸುವುದಿಲ್ಲ, ಅವರು ಯಾರ ಕಣ್ಣೀರನ್ನೂ ಕಾಣುವುದಿಲ್ಲ, ಕೈ ಮುಗಿದು ಫೋಟೋಕ್ಕೆ ನಿಂತು ಹೊರಟುಬಿಡುತ್ತಾರೆ. ಅತ್ತೆ ಹೋದಳು, ನರಸಮ್ಮನವರು ಹೋದರು, ಅಕ್ಕನೂ ಹೋದಳು. ಒಬ್ಬಟ್ಟಿನ ಹಾಡು ಕೊನೆಯ ನುಡಿಯವರೆಗೂ ನನ್ನ ಬಾಯಲ್ಲಿದೆ. ಅಸಲು ಹಾಡಿನದು ಆ ಒಂದೇ ಸಾಲು ಉಳಿದಿದೆ. ಮಿಕ್ಕಿದ್ದನ್ನು ಕೇಳಿ ಕಲಿಯೋಣವೆಂದರೆ ಬಲ್ಲವರು ಯಾರೂ ಇಲ್ಲ.

ಮೊಮ್ಮಕ್ಕಳು ಸೇರಿದಾಗ ಒಬ್ಬಟ್ಟಿನ ಹಾಡು ಹೇಳಜ್ಜಿ ಎಂದು ನನಗೆ ಗಂಟುಬೀಳುತ್ತಾರೆ. ಹೇಳುತ್ತೇನೆ. ಆ ಜಾಗ ಬಂದಾಗ ಅವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ನಾನು ತಟ್ಟುವುದಿಲ್ಲ. ಅಲ್ಲಿ ಅತ್ತೆ ಎಳೆದ ದನಿ ಮುಗಿಯಲಿ ಎಂದು ಕಾಯುತ್ತೇನೆ.