ಹೆಸರು ಹೇಳದೆ ಹುಡುಕಿದ ಪುಸ್ತಕ

ಮೊನ್ನೆ ಗಿರಣಿಯಿಂದ ತಂದ ಜೋಳದ ಹಿಟ್ಟನ್ನು ಡಬ್ಬಿಗೆ ಸುರಿಯುತ್ತಿದ್ದೆ. ಇನ್ನೂ ಬೆಚ್ಚಗಿತ್ತು. ಆ ಘಮ ಮೂಗಿಗೆ ಬಡಿದದ್ದೇ ತಡ, ಹುಮನಾಬಾದಿನ ಕಾಕಿ ನೆನಪಾದರು... ಗಿರಣಿ ಹಿಟ್ಟಿಗೆ ರುಚಿಯಿಲ್ಲ ಎಂದು ಗೊಣಗುತ್ತಲೇ ಅದರ ರೊಟ್ಟಿ ತಿಂದವರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾನು ಮದುವೆಯಾಗಿ ಹುಲಸೂರಿನಿಂದ ಹುಮನಾಬಾದಿಗೆ ಬಂದಿದ್ದೆ. ಬಸವಕಲ್ಯಾಣದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ, ದಿನಾ ಬಸ್ಸಿನ ಓಡಾಟ. ಕಾಕಿಯದು ಪಕ್ಕದ ಮನೆ. ಅವರ ಗಂಡ ತೀರಿಹೋದ ಶಾಲಾ ಮಾಸ್ತರರು. ಹಾಗಾಗಿ ಓಣಿಯವರಿಗೆಲ್ಲ ಅವರು ಮಾಸ್ತರ ಕಾಕಿ.

ಕಾಕಿ ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳನ್ನು ಮಾಸ್ತರರು ಹೊಸ್ತಿಲಲ್ಲಿ ಕೂತು ಬರೆದುಕೊಳ್ಳುತ್ತಿದ್ದರಂತೆ. ಶಾಲೆಯ ಪೇಪರು ತಿದ್ದುತ್ತಾರೆ ಅಂದುಕೊಂಡಿದ್ದರು ಕಾಕಿ. ಕೊನೆಗೆ ನೋಡಿದರೆ ಅದು ಪುಸ್ತಕವಾಗಿ ಅಚ್ಚಾಗಿ ಬಂತು. ಆಗ ಕಾಕಿಗೆ ಓದಲು ಬರುತ್ತಿರಲಿಲ್ಲ. ಮಾಸ್ತರರು ಹೋದಮೇಲೆ ಸಂಜೆಯ ಅಕ್ಷರ ಶಾಲೆಗೆ ಹೋಗಿ ಕಲಿತರು. ಅಷ್ಟರಲ್ಲಿ ಮನೆಯಲ್ಲಿದ್ದ ಪ್ರತಿಗಳನ್ನೆಲ್ಲ ಗೆದ್ದಲು ತಿಂದಿತ್ತು. ಎಂಥ ಹಣೆಬರಹ ನೋಡಿ.

“ಬೀಸೋದು ಬಿಟ್ಟ ಮ್ಯಾಲ ಪದಾನೂ ಮರತು ಹೊಂಟಾವವ್ವಾ. ಆ ಪುಸ್ತಕ ಒಮ್ಮಿ ಸಿಕ್ಕರ ಸಾಕು, ಓದಿ ಮತ್ತ ಬಾಯಿಗಿ ತಂದುಕೋತಿನಿ” ಎಂದಿದ್ದರು. ನಮ್ಮ ಗ್ರಂಥಾಲಯಕ್ಕೆ ಇಂಟರ್ನೆಟ್ ಬಂದದ್ದೇ, ದೂರದ ದೊಡ್ಡ ಗ್ರಂಥಾಲಯಗಳಲ್ಲಿ ಏನೇನಿದೆ ಎಂದು ಇಲ್ಲೇ ಕೂತು ನೋಡಬಹುದು ಅಂದೆ. ಮರುದಿನವೇ ಇಳಕಲ್ಲ ಸೀರೆ ಉಟ್ಟು ನನ್ನ ಜೊತೆ ಬಸ್ಸು ಹತ್ತಿದರು.

ಪುಸ್ತಕದ ಹೆಸರು ಕಾಕಿಗೆ ನೆನಪಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂರಿಸಿ, “ಕಾಕಿ, ಬರದವರ ಹೆಸರು ಹೇಳ್ರಿ” ಅಂದೆ. ಕಾಕಿ ಸೆರಗು ಬಾಯಿಗಿಟ್ಟುಕೊಂಡರು. ಗಂಡನ ಹೆಸರು! ಅದನ್ನು ಅವರು ಆ ವಯಸ್ಸಿನವರೆಗೂ ಬಾಯಿಬಿಟ್ಟು ಹೇಳಿದವರಲ್ಲ, ಬರೆದು ತೋರಿಸಲೂ ಒಪ್ಪಲಿಲ್ಲ. ನಾನಾದರೂ ಪೆದ್ದಿ, ಓಣಿಯಲ್ಲಿ ಯಾರನ್ನೂ ಕೇಳಿಕೊಂಡು ಬಂದಿರಲಿಲ್ಲ.

“ಹೆಸರು ಗೊತ್ತಿಲ್ಲಂದ್ರ ಮನಿ ಸಿಗಂಗಿಲ್ಲೇನು? ಓಣಿ ಹೇಳ್ತೀವಿ, ಬಾಗಲಾಗಿನ ಬೇವಿನ ಗಿಡ ಹೇಳ್ತೀವಿ. ಹಂಗ ಕೇಳು ಅದಕ್ಕ” ಅಂದರು.

ಡೇಟಾಬೇಸ್ ಅಂದರೇನೆಂದು ತರಬೇತಿಯಲ್ಲಿ ಹೇಳಿದ್ದೇ ಹೇಳಿದ್ದು, ನನ್ನ ತಲೆಗೆ ಹೋಗಿರಲಿಲ್ಲ. ಅವತ್ತು ಹೋಯಿತು. ಲೇಖಕರ ಖಾನೆ ಖಾಲಿ ಬಿಟ್ಟು ವಿಷಯದ ಖಾನೆಯಲ್ಲಿ ಬೀಸುವ ಪದ ಎಂದು ಹಾಕಿದೆ. ರಾಶಿ ರಾಶಿ ಬಂದವು. ಅಚ್ಚಾದ ಊರು? “ಗುಲ್ಬರ್ಗಾ.” ಪಟ್ಟಿ ಸಣ್ಣದಾಯಿತು. ವರ್ಷ? “ದೊಡ್ಡ ಮಗಳ ಲಗ್ನ ಆದ ವರ್ಷ.” ಲೆಕ್ಕ ಹಾಕಿ ಅದನ್ನೂ ಸೇರಿಸಿದೆ. ಒಂದೇ ಒಂದು ಪುಸ್ತಕ ಉಳಿಯಿತು.

ಪರದೆಯ ಮೇಲೆ ಇಂಗ್ಲಿಷ್ ಅಕ್ಷರ. ನಾನೇ ಓದಿ ಹೇಳಿದೆ. ಲೇಖಕರ ಹೆಸರು ಓದಿದಾಗ ಕಾಕಿ ತಲೆತಗ್ಗಿಸಿ, “ಅವ್ರೇ” ಅಂದರು. ಕೆಳಗೆ ಟಿಪ್ಪಣಿಯೊಂದಿತ್ತು: ಹಾಡಿದವರು, ಲೇಖಕರ ಪತ್ನಿ... ಮುಂದೆ ಒಂದು ಹೆಸರು. ಕಾಕಿಯ ಹೆಸರು ನನಗೆ ಗೊತ್ತಾದದ್ದೇ ಆಗ.

ಕಾಕಿ ಪರದೆಯ ಮೇಲಿನ ಆ ಸಾಲನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ, “ನನಗ ‘ಏ, ಕೇಳಿಲ್ಲಿ’ ಅಂತಿದ್ರವ್ವಾ. ಒಂದಿನಾನೂ ಹೆಸರು ಹಿಡದು ಕರದವರಲ್ಲ. ಇನ್ನೊಮ್ಮಿ ಓದು” ಅಂದರು. ಓದಿದೆ. ಅವರ ಜೊತೆ ನಾನೂ ಅತ್ತೆ.

ಪುಸ್ತಕ ಕಳಿಸಿರೆಂದು, ಪಟ್ಟಿಯಲ್ಲಿ ಅದನ್ನು ತೋರಿಸಿದ ದೂರದ ಗ್ರಂಥಾಲಯಕ್ಕೆ ಬರೆದೆವು. ಬಹಳ ದಿನಗಳ ಮೇಲೆ ಉತ್ತರ ಬಂತು: ದಾಖಲೆಯಲ್ಲಿದೆ, ಕಪಾಟಿನಲ್ಲಿಲ್ಲ. ಬೇರೆಲ್ಲೂ ಸಿಗಲಿಲ್ಲ. ಪದಗಳು ಹೋದವೆಂದು ಕಾಕಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನೆನಪಿದ್ದಷ್ಟನ್ನು ಹೇಳಿ ನನ್ನಿಂದ ಬರೆಸಿದರು. ಹೆಚ್ಚೇನೂ ಉಳಿದಿರಲಿಲ್ಲ.

ಆದರೆ ಸಂಜೆ ನಾನು ಬಸ್ಸಿಳಿದು ಬಂದಾಗಲೆಲ್ಲ ಕಟ್ಟೆಯ ಮೇಲಿಂದ ಕೇಳುತ್ತಿದ್ದರು: “ಇನ್ನಾ ಅದ ಏನವ್ವಾ?” ಕಂಪ್ಯೂಟರಿನಿಂದ ಆ ಸಾಲು ಯಾರಾದರೂ ಅಳಿಸಿಬಿಟ್ಟಾರೆಂಬ ಭಯ. “ಅದ ಕಾಕಿ” ಅಂದಮೇಲೇ ದೀಪ ಹಚ್ಚಲು ಒಳಗೆ ಹೋಗುತ್ತಿದ್ದರು.

ಕಾಕಿ ಹೋಗಿ ಬಹಳ ವರ್ಷವಾಯಿತು... ಮೊನ್ನೆ ಹಿಟ್ಟಿನ ಕೈ ತೊಳೆದು ಮೊಬೈಲಿನಲ್ಲಿ ಆ ಗ್ರಂಥಾಲಯದ ಸೂಚಿ ತೆರೆದೆ. ಊರು, ವರ್ಷ ಏನೂ ಹಾಕಲಿಲ್ಲ. ಕಾಕಿಯ ಹೆಸರೊಂದನ್ನೇ ಹಾಕಿದೆ. ಒಂದೇ ಪುಸ್ತಕ ಬಂತು.

“ಅದ ಕಾಕಿ” ಅಂದೆ. ಅಡುಗೆಮನೆಯಲ್ಲಿ ನಾನೊಬ್ಬಳೇ ಇದ್ದೆ.